ಕೊಸರಿಗೆ ಬಂದ ಸಿನಿಮಾ

ನಮ್ಮ ಮನೆಯ ಅತ್ಯಂತ ದೊಡ್ಡ ಕೋಣೆಯನ್ನು ಮನುಷ್ಯರಿಗಾಗಿ ಕಟ್ಟಿರಲಿಲ್ಲ. ಸುಗಟೂರಿನ ಆ ಮನೆಯಲ್ಲಿ ಅಜ್ಜಿ, ಅಪ್ಪ, ಅಮ್ಮ, ಅಪ್ಪನ ತಂಗಿ ಸರೋಜತ್ತೆ, ನಾನು ಮತ್ತು ತಮ್ಮ ಸೀನ ಒಂದು ಪಡಸಾಲೆ, ಎರಡು ಕಿರುಗೋಣೆಗಳಲ್ಲಿ ಬದುಕನ್ನು ಹೊಂದಿಸಿಕೊಂಡಿದ್ದೆವು. ಮನೆಯ ಉಳಿದರ್ಧ ರೇಷ್ಮೆ ಹುಳುಗಳದು. ಹುಳುಮನೆಗೆ ಎತ್ತರದ ಸೂರು, ಎದುರುಬದುರು ಕಿಟಕಿಗಳು, ಕಿಟಕಿಗಳಿಗೆ ನೀರಿನಲ್ಲಿ ಅದ್ದಿ ಇಳಿಬಿಟ್ಟ ಗೋಣಿತಾಟು. ನಡುಹಗಲಿನಲ್ಲೂ ಅಲ್ಲಿ ಮಬ್ಬುಗತ್ತಲು. ಹುಳು ಪೊರೆ ಬಿಡುವ ದಿನಗಳನ್ನು ನಮ್ಮಲ್ಲಿ ಜ್ವರವೆನ್ನುತ್ತಾರೆ. ಜ್ವರಕ್ಕೆ ಕೂತ ಹುಳುಗಳ ಬಳಿ ಗಟ್ಟಿಯಾಗಿ ಉಸಿರಾಡಲೂ ಅಜ್ಜಿ ಬಿಡುತ್ತಿರಲಿಲ್ಲ. ಮುಟ್ಟಾದ ಹೆಂಗಸು ಆ ಹೊಸ್ತಿಲು ದಾಟಬಾರದು. ತೋಟದಲ್ಲಿ ಸೊಪ್ಪು ಕೊಯ್ದು ತಲೆಯ ಮೇಲೆ ಹೊತ್ತು ತರುವ ಕಾಲೊನಿಯ ಯಲ್ಲಮ್ಮನೂ ದಾಟಬಾರದು. ಅವಳು ಮುಟ್ಟಿದ ಸೊಪ್ಪನ್ನು ಹುಳು ತಿನ್ನಬಹುದು, ಅವಳು ಹುಳುವನ್ನು ನೋಡಬಾರದು. ಇದು ಅಸ್ಪೃಶ್ಯತೆಯಲ್ಲದೆ ಬೇರೇನೂ ಅಲ್ಲ. ನಮ್ಮ ಮನೆಯಲ್ಲಿ ಅದನ್ನು 'ಹುಳಕ್ಕೆ ದೃಷ್ಟಿಯಾಗುತ್ತೆ' ಎಂದು ಕರೆಯುತ್ತಿದ್ದರು. ಹುಳುವಿನ ಹೆಸರಿನಲ್ಲಿ ಮನುಷ್ಯರಿಗೆ ಮಾಡಿದ ಅವಮಾನಗಳ ನಡುವೆ ನಾನು ಬೆಳೆದೆ, ಮತ್ತು ಬಹುಕಾಲ ಅವು ಅವಮಾನಗಳೆಂದು ನನಗೆ ತೋರಲಿಲ್ಲ.

ಬೆಳೆ ಮುಗಿದು, ಗೂಡು ಬಿಡಿಸಿ ಕೋಲಾರದ ಮಾರುಕಟ್ಟೆಗೆ ಸಾಗಿಸಿದ ಮೇಲೆ ಆ ಕೋಣೆ ಕೆಲವು ದಿನ ಖಾಲಿ ಬೀಳುತ್ತಿತ್ತು. ತಟ್ಟೆಗಳನ್ನು ತೊಳೆದು ಬಿಸಿಲಿಗಿಟ್ಟು, ಗೋಡೆಗೆ ಸುಣ್ಣ ಹೊಡೆದು, ಮುಂದಿನ ಮರಿಹುಳು ಬರುವವರೆಗೆ ಅದು ಮನುಷ್ಯರ ವಶ. ಆ ಬಿಡುವಿನಲ್ಲಿ ಒಂದು ದಿನ ಕೋಲಾರದಿಂದ ಬಾಡಿಗೆಗೆ ಟಿವಿ, ಡೆಕ್ಕು, ಎರಡು ಕ್ಯಾಸೆಟ್ಟು ತರುವುದು ನಮ್ಮ ಮನೆಯ ಪದ್ಧತಿಯಾಗಿತ್ತು. ಸುತ್ತಲಿನ ರೇಷ್ಮೆ ಮನೆಗಳಲ್ಲಿ ಹಲವರು ಹೀಗೆ ಮಾಡುತ್ತಿದ್ದರು. ಹಗಲಲ್ಲಿ ಕತ್ತಲಿರುವ ಅಷ್ಟು ದೊಡ್ಡ ಕೋಣೆ ಇನ್ನಾರಿಗಿತ್ತು? ಕಿಟಕಿಯ ಗೋಣಿತಾಟು ಹಾಗೆಯೇ ಇರುತ್ತಿತ್ತು. ಹಸಿ ಸುಣ್ಣದ ವಾಸನೆ, ಔಷಧಿ ಹೊಡೆದ ಘಾಟು, ನೆಲದ ಮೇಲೆ ಚಾಪೆ, ಒಂದು ಬೋಗುಣಿ ತುಂಬ ಹುರಿದ ಅವರೆಕಾಳು. ಯಲ್ಲಮ್ಮ ಮತ್ತು ಅವಳ ಜೊತೆಯವರು ಹೊರಗೆ ನಿಂತು ಕಿಟಕಿಯ ಗೋಣಿಯ ಒಂದು ಮೂಲೆಯನ್ನೆತ್ತಿ ನೋಡುತ್ತಿದ್ದರು. ಹುಳುವಿಲ್ಲದ ದಿನವೂ ಅವರಿಗೆ ಒಳಗೆ ಜಾಗವಿರಲಿಲ್ಲ. ಇದನ್ನೂ ಬರೆದಿಡಬೇಕು.

ಒಮ್ಮೆ ವಿಡಿಯೊ ಅಂಗಡಿಯವನು ಎರಡರ ಮೇಲೆ ಮೂರನೆಯದೊಂದು ಕ್ಯಾಸೆಟ್ಟನ್ನು ಚೀಲಕ್ಕೆ ಹಾಕಿದ. ಅಪ್ಪನ ಕೈಹಿಡಿದು ನಿಂತಿದ್ದ ನನಗೆ ಅವನ ಮಾತು ನೆನಪಿದೆ.

"ಇಟ್ಕೊಳ್ಳಿ ಗೌಡ್ರೆ, ಕೊಸರು. ಇದನ್ನ ಕೇಳೋರೇ ದಿಕ್ಕಿಲ್ಲ. ನಿಮ್ ಮನೆ ಹುಡ್ಗೀನೇ ಅವ್ಳಲ್ಲಾ ಇದ್ರಲ್ಲಿ?"

"ಬೇಡ ಬಿಡಪ್ಪ, ಯಾರು ನೋಡ್ತಾರೆ."

"ವಾಪಸ್ ತಂದ್ರೂ ನಾನ್ ಇಸ್ಕೊಳಲ್ಲ, ಗೂಡಲ್ಲಿ ಜಾಗ ಇಲ್ಲ."

ಸೊಪ್ಪು ಕೊಂಡವರಿಗೆ ಮೇಲೊಂದು ಹಿಡಿ ಕರಿಬೇವು ಹಾಕುವಂತೆ ಆ ಚಿತ್ರ ನಮ್ಮ ಮನೆಗೆ ಬಂತು. ಅಪ್ಪ ಬಸ್ಸಿನಲ್ಲಿ ಊರು ಸೇರುವವರೆಗೆ ಮಾತನಾಡಲಿಲ್ಲ. ಅವರು ಮಾತು ಕಡಿಮೆ ಆಡುವ ಮನುಷ್ಯರಾದ್ದರಿಂದ ನಾನದನ್ನು ಗಮನಿಸಲಿಲ್ಲ.

ಚಿತ್ರದ ಹೆಸರನ್ನು ಬರೆಯುವುದಿಲ್ಲ; ಅತ್ತೆ ಬೇಡವೆಂದಿದ್ದಾಳೆ. ಅದು ಕೋಲಾರದ ಟಾಕೀಸಿನಲ್ಲಿ ಒಂದು ವಾರವೂ ನಿಲ್ಲಲಿಲ್ಲವಂತೆ. ಒಬ್ಬ ರಾಕ್ಷಸ, ಒಂದು ಊರು, ಊರನ್ನು ಕಾಯುವ ದೇವಿ, ಅಷ್ಟೇ ಕತೆ. ರಾಕ್ಷಸನ ತಲೆಗೆ ಥರ್ಮೊಕೋಲಿನ ಕೊಂಬುಗಳು. ಅವನು ಗರ್ಜಿಸಿದಾಗಲೆಲ್ಲ ಎಡಗೊಂಬು ಸಡಿಲಗೊಂಡು ಹಿಂದಕ್ಕೆ ತಿರುಗಿಬಿಡುತ್ತಿತ್ತು. ಇಂದು ಅಂತರ್ಜಾಲದಲ್ಲಿ ಜನ ಬಿದ್ದು ಬಿದ್ದು ನಗುವುದು ಇದಕ್ಕೇ. ನಮಗೆ ಅದು ತಪ್ಪೆಂದು ಹೊಳೆದೇ ಇರಲಿಲ್ಲ. ಸಿಟ್ಟುಬಂದ ಎತ್ತು ಕಿವಿ ಹಿಂದಕ್ಕೆ ಮಾಡುವುದನ್ನು ನಾವು ಕೊಟ್ಟಿಗೆಯಲ್ಲಿ ದಿನವೂ ನೋಡುತ್ತಿದ್ದೆವು. ಸಿಟ್ಟುಬಂದ ರಾಕ್ಷಸ ಕೊಂಬು ಹಿಂದಕ್ಕೆ ಮಾಡುತ್ತಾನೆ ಎಂದು ತಿಳಿದಿದ್ದೆವು. ಎಷ್ಟೋ ದಿನ ಸೀನ ಅಮ್ಮನ ಮೇಲೆ ಮುನಿಸಿಕೊಂಡಾಗ ಎಡಗೈಯನ್ನು ತಲೆಯ ಮೇಲಿಟ್ಟು ಹಿಂದಕ್ಕೆ ತಿರುಗಿಸಿ ತೋರಿಸುತ್ತಿದ್ದ. ದೊಡ್ಡ ನಾಯಕರ ದೊಡ್ಡ ಚಿತ್ರಗಳನ್ನು ನಾವು ನೋಡಿ ಮರೆತೆವು. ಈ ಚಿತ್ರವನ್ನು ಮಾತ್ರ ಪ್ರತಿ ಬೆಳೆಯ ನಂತರವೂ, ವರ್ಷಕ್ಕೆ ನಾಲ್ಕೈದು ಸಲ, ಹೊಸದೆಂಬಂತೆ ನೋಡಿದೆವು. ನಮ್ಮನ್ನು ಬಿಟ್ಟರೆ ಅದಕ್ಕೆ ಲೋಕದಲ್ಲಿ ಯಾರೂ ಇಲ್ಲವೆಂಬುದು ನಮಗೆ ಗೊತ್ತಿತ್ತು. ತಾಯಿ ಒದ್ದ ಕರುವಿಗೆ ಸೀಸೆಯಲ್ಲಿ ಹಾಲು ಕುಡಿಸುವವರ ಅಕ್ಕರೆ ನಮ್ಮದು.

ಅದಕ್ಕಿಂತ ಮಿಗಿಲಾಗಿ, ಅದರಲ್ಲಿ ನಮ್ಮ ಅತ್ತೆಯಿದ್ದಳು. ಅವಳಿಗೆ ಹದಿನೇಳಾಗಿದ್ದಾಗ ಮುಳಬಾಗಿಲಿನಾಚೆ, ಕುರುಡುಮಲೆಯ ಹಾದಿಯ ಬಂಡೆಗಳ ನಡುವೆ ಚಿತ್ರೀಕರಣ ನಡೆದಿತ್ತು. ಬರಬೇಕಾಗಿದ್ದ ನಟಿ ಬರಲಿಲ್ಲ. ಶಾಲೆಯ ನಾಟಕದಲ್ಲಿ ಹೆಸರು ಮಾಡಿದ್ದ ಅತ್ತೆಯನ್ನು ಪರಿಚಯದವರೊಬ್ಬರು ಸೂಚಿಸಿದರು. ಅವಳು ಕುಣಿದಾಡಿಕೊಂಡು ಹೊರಟಳು. ಅಣ್ಣನಾಗಿ ನಮ್ಮಪ್ಪ ಜೊತೆಗೆ ಹೋದರು. ಅವಳದು ಒಂದೇ ದೃಶ್ಯ. ರಾಕ್ಷಸನು ಅವಳನ್ನು ಗುಡಿಸಲಿನಲ್ಲಿ ಕೂಡಿಹಾಕಿ ಬೆಂಕಿಯಿಡುತ್ತಾನೆ. ಅವಳು ಕಿಟಕಿಯ ಸರಳು ಹಿಡಿದು ಕಿರುಚುತ್ತಾಳೆ. ಧ್ವನಿ ಅವಳದಲ್ಲ, ಮದರಾಸಿನಲ್ಲಿ ಯಾರೋ ತೆಳುವಾಗಿ ಕೊಟ್ಟದ್ದು. ಆ ತೆಳುದನಿ ನಿಂತುಹೋದ ಮೇಲೂ ಅತ್ತೆಯ ಬಾಯಿ ಮಾತ್ರ ತೆರೆದೇ ಇರುತ್ತದೆ, ಮುಖ ನಡುಗುತ್ತಲೇ ಇರುತ್ತದೆ, ಸದ್ದಿಲ್ಲದೆ, ಬಹಳ ಹೊತ್ತು. ಮನುಷ್ಯರ ಕಿವಿಗೆ ಕೇಳಿಸಲಾರದಷ್ಟು ದೊಡ್ಡ ಕೂಗದು ಎಂದು ನಾನೇ ಸೀನನಿಗೆ ವಿವರಿಸಿದ್ದೆ.

ಆ ದೃಶ್ಯ ಹತ್ತಿರವಾಗುತ್ತಿದ್ದಂತೆ ಅತ್ತೆ ಎದ್ದುಬಿಡುತ್ತಿದ್ದಳು. ಎಮ್ಮೆಗೆ ನೀರು ತೋರಿಸಬೇಕು, ಒಲೆಯ ಮೇಲೆ ಎಸರಿದೆ, ಏನೋ ಒಂದು. ಆ ಚಿತ್ರ ಹಾಕಿದಾಗ ಅಪ್ಪ ಹುಳುಮನೆಗೆ ಬರುತ್ತಲೇ ಇರಲಿಲ್ಲ; ಹೊರಗೆ ಜಗಲಿಯ ಮೇಲೆ ಕೂತು, ಹುಳುಗಳು ಗೂಡು ಕಟ್ಟುವ ಚಂದ್ರಿಕೆಯ ಬಿದಿರು ದಬ್ಬೆಗಳನ್ನು ಬಿಗಿ ಮಾಡುತ್ತಿದ್ದರು. ಅತ್ತೆಯ ಬಲಭುಜದಿಂದ ಬೆನ್ನಿನ ನಡುವಿನವರೆಗೆ ಸುಟ್ಟು ಸುಕ್ಕುಗಟ್ಟಿದ ಚರ್ಮವಿತ್ತು. ಚಳಿಗಾಲದಲ್ಲಿ ಹುಳುಮನೆಗೆ ಕಾವು ಕೊಡಲು ಇಡುವ ಅಗ್ಗಿಷ್ಟಿಕೆಯ ಮೇಲೆ ಬಿದ್ದಳೆಂದು ಅಜ್ಜಿ ಎಲ್ಲರಿಗೂ ಹೇಳುತ್ತಿದ್ದಳು. ಹೆಣ್ಣು ನೋಡಲು ಬಂದವರಿಗೂ ಹಾಗೆಯೇ ಹೇಳುತ್ತಿದ್ದಳು; ಅವರು ಕಾಫಿ ಕುಡಿದು ಎದ್ದು ಹೋಗುತ್ತಿದ್ದರು. ಅತ್ತೆಗೆ ಮದುವೆಯಾಗಲಿಲ್ಲ. ಅವಳ ದುಡಿಮೆಯಿಂದ ನಮ್ಮ ಮನೆಯ ಹುಳುಗಳು ಹಣ್ಣಾದವು. ಒಂದು ದಿನ ಕಿಟಕಿಯಾಚೆಯಿಂದ ಯಲ್ಲಮ್ಮ ಆ ದೃಶ್ಯ ನೋಡುತ್ತ ತೆಲುಗಿನಲ್ಲಿ, ಯಾರಿಗೆಂದು ಹೇಳದೆ, ಅದು ನಿಜವಾದ ಉರಿಯಲ್ಲವೇ ಎಂದಳು:

"ಅದಿ ನಿಜಂ ಮಂಟ ಗದಮ್ಮಾ?"

ಅಜ್ಜಿ ಕುಳಿತಲ್ಲಿಂದಲೇ ತಿರುಗಿ ಬಾಯಿ ಮುಚ್ಚೆಂದು ಗದರಿದಳು.

"ನೋರು ಮೂಯಿ. ಸಿನಿಮಾದಲ್ಲಿ ಯಾವ್ದೇ ನಿಜ ಇರ್ತದೆ? ತೋಟದಲ್ಲಿ ಕಳೆ ಬೆಳೀತಾ ಐತೆ, ಹೋಗು."

ಯಲ್ಲಮ್ಮ ಗೋಣಿಯನ್ನು ಕೆಳಗಿಳಿಬಿಟ್ಟಳು. ಹೊರಗೆ ಬಿಸಿಲಿನಲ್ಲಿ ನಿಂತವಳಿಗೆ ಕಂಡದ್ದು ಚಾಪೆಯ ಮೇಲೆ ಅವರೆಕಾಳು ಮೆಲ್ಲುತ್ತ ಕೂತ ನಮಗೆ ಕಂಡಿರಲಿಲ್ಲ.

ಈಗ ನಾನು ಮಾಡಿದ್ದನ್ನು ಹೇಳಬೇಕು. ನನಗೆ ಒಂಬತ್ತು ವರ್ಷ. ಶ್ರೀನಿವಾಸಪುರದಿಂದ ಅಮ್ಮನ ಕಡೆಯ ನೆಂಟರ ಮಕ್ಕಳು ಬಂದಿದ್ದರು. ನಮ್ಮತ್ತೆ ಸಿನಿಮಾದಲ್ಲಿದ್ದಾಳೆಂದು ನಾನು ಕೊಚ್ಚಿಕೊಂಡಾಗ ಅವರು ನಂಬಲಿಲ್ಲ. ದೃಶ್ಯ ಬರುವ ಮೊದಲೇ ನಾನು ಬಾಗಿಲಿಗೆ ಅಡ್ಡ ನಿಂತೆ. ಸೀನ ಅವಳ ಸೆರಗು ಹಿಡಿದುಕೊಂಡ.

"ಬಿಡ್ರೇ, ಎಮ್ಮೆ ಅರಚ್ಕೊಳ್ತಾ ಐತೆ."

"ಇವತ್ತು ಬಿಡಲ್ಲ ಅತ್ತೆ! ನಿನ್ ಸೀನು ಬಂತು, ಕೂತ್ಕೊ!"

ಅವಳು ಕೂತಳು. ಪರದೆಯ ಮೇಲೆ ಹದಿನೇಳರ ಅತ್ತೆ ಕಿರುಚಿದಳು. ನಾವು ಕೇಕೆ ಹಾಕಿ ಚಪ್ಪಾಳೆ ತಟ್ಟಿದೆವು. ನೆಂಟರ ಮಕ್ಕಳು ಇನ್ನೂ ಅನುಮಾನಿಸುತ್ತಿದ್ದರು.

"ಇವ್ಳೇ ಅಂತ ಏನ್ ಗ್ಯಾರಂಟಿ?"

"ಅತ್ತೆ, ಮಾಡಿ ತೋರ್ಸು ಅತ್ತೆ. ಅದೇ ತರ. ಒಂದೇ ಒಂದ್ ಸಲ. ನಮ್ ಮರ್ಯಾದೆ ಹೋಗ್ತದೆ."

ನಾನು ಅವಳ ಗಲ್ಲ ಹಿಡಿದು ಬೇಡಿಕೊಂಡೆ. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಕಣ್ಣು ಮುಚ್ಚಿ ಬಾಯಿ ತೆರೆದಳು. ಅಂಥ ಸದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಆಮೇಲೆ, ನನ್ನ ಕೆಲಸದಲ್ಲಿ, ಸುಟ್ಟ ಗಾಯಗಳ ವಾರ್ಡುಗಳಲ್ಲಿ ಕೇಳಿದ್ದೇನೆ. ಅದು ಸುಣ್ಣದ ಗೋಡೆಗಳಿಗೆ ಬಡಿದು ತಿರುಗಿ ಬಂತು. ನೆಂಟರ ಮಕ್ಕಳಲ್ಲಿ ಚಿಕ್ಕವಳು ಉಚ್ಚೆ ಹೊಯ್ದುಕೊಂಡಳು. ಜಗಲಿಯಿಂದ ಅಪ್ಪ ಓಡಿಬಂದು ಬಾಗಿಲಲ್ಲಿ ನಿಂತರು, ಒಳಗೆ ಕಾಲಿಡಲಿಲ್ಲ. ಅವರ ಕೈಯಲ್ಲಿ ಬಿದಿರಿನ ದಬ್ಬೆಯಿತ್ತು. ಅಣ್ಣ ತಂಗಿ ಒಬ್ಬರನ್ನೊಬ್ಬರು ನೋಡಿದರು. ಅಪ್ಪ ಹೊರಟುಹೋದರು. ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡು, "ಆಯ್ತಾ?" ಎಂದು ನನ್ನನ್ನು ಕೇಳಿದಳು. ನಾನು ಸಂತೋಷದಿಂದ ತಲೆಯಾಡಿಸಿದೆ. ನಮ್ಮ ಮರ್ಯಾದೆ ಉಳಿದಿತ್ತು.

ಮರುವರ್ಷ ಅಪ್ಪ ನನ್ನನ್ನು ಮಾಲೂರಿನ ಕಡೆಯ ಒಂದು ವಸತಿ ಶಾಲೆಗೆ ಸೇರಿಸಿದರು. ಸುಧಾರಣೆಯಲ್ಲಿ ನಂಬಿಕೆಯಿದ್ದವರು ನಡೆಸುತ್ತಿದ್ದ ಶಾಲೆ. ಹೆಣ್ಣುಮಗುವನ್ನು ಅಷ್ಟು ದೂರ ಕಳಿಸಬೇಡವೆಂದು ಅಜ್ಜಿ ಮೂರು ದಿನ ಊಟ ಬಿಟ್ಟಿದ್ದಳು; ಅಪ್ಪ ಬಗ್ಗಲಿಲ್ಲ. ಅಲ್ಲಿ ಶನಿವಾರ ಸಂಜೆ ನಾವೆಲ್ಲ ವೃತ್ತವಾಗಿ ಕೂತು, ಆ ವಾರ ಕಂಡ ಒಂದು ಅನ್ಯಾಯವನ್ನು ಹೇಳಬೇಕಿತ್ತು. ಮಾಡಿದವರ ಹೆಸರಿನೊಡನೆ ಹೇಳಬೇಕಿತ್ತು. ನಾನು ಅಜ್ಜಿಯ ಹೆಸರು ಹೇಳಿದೆ, ಊರಿನ ಹಿರಿಯರ ಹೆಸರು ಹೇಳಿದೆ, ಯಲ್ಲಮ್ಮನ ಕಿಟಕಿಯ ಕತೆ ಹೇಳಿ ಕಣ್ಣೀರಿಟ್ಟೆ. ನನ್ನ ಮುಂದಿನ ಬದುಕೆಲ್ಲ ಆ ವೃತ್ತದಿಂದ ಹುಟ್ಟಿದ್ದು. ಬಾಲ್ಯವಿವಾಹ, ವರದಕ್ಷಿಣೆಯ ಬೆಂಕಿ, ಹೋಟೆಲಿನ ಎರಡು ಬಗೆಯ ಲೋಟಗಳು, ಇವುಗಳ ವಿರುದ್ಧ ಈ ನಾಲ್ಕು ತಾಲ್ಲೂಕುಗಳಲ್ಲಿ ನಾನು ಮೈಕು ಹಿಡಿಯದ ವೃತ್ತ ಕಡಿಮೆ. ಹೆಣ್ಣು ಹೇಳಿದ್ದನ್ನು ಮೊದಲು ನಂಬಿ, ಆಮೇಲೆ ಪ್ರಶ್ನಿಸಿ ಎಂದು ಠಾಣೆಗಳಲ್ಲಿ, ಪಂಚಾಯ್ತಿ ಕಟ್ಟೆಗಳಲ್ಲಿ ವಾದಿಸುತ್ತ ನನ್ನ ತಲೆ ನೆರೆಯಿತು.

ಅಪ್ಪ ತೀರಿಕೊಂಡ ಮೇಲೆ ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಆ ಕ್ಯಾಸೆಟ್ಟು ಸಿಕ್ಕಿತು. ಬೂಷ್ಟು ಹಿಡಿದಿದ್ದ ಅದನ್ನು ಬೆಂಗಳೂರಿಗೆ ಒಯ್ದು, ಪರಿಣತರಿಂದ ಒರೆಸಿಸಿ, ಕಂಪ್ಯೂಟರಿಗೆ ಇಳಿಸಿ, ಎಲ್ಲರೂ ನೋಡುವಂತೆ ಅಂತರ್ಜಾಲದಲ್ಲಿ ಹಾಕಿದವಳು ನಾನು. ಲೋಕ ತಿರಸ್ಕರಿಸಿದ ಒಂದು ಚಿತ್ರವನ್ನು, ಹಳ್ಳಿಯ ಹುಡುಗಿಯೊಬ್ಬಳ ಒಂದೇ ಒಂದು ನಟನೆಯನ್ನು ಉಳಿಸಬೇಕೆಂಬುದು ನನ್ನ ಉದ್ದೇಶ. ಕೆಳಗೆ ಉದ್ದನೆಯ ಟಿಪ್ಪಣಿ ಬರೆದಿದ್ದೆ. ಅತ್ತೆಯನ್ನು ಒಂದು ಮಾತು ಕೇಳಿರಲಿಲ್ಲ. ಅವಳಿಗೆ ಅಚ್ಚರಿಯ ಉಡುಗೊರೆಯಾಗಲೆಂದು.

ಕೆಲವು ತಿಂಗಳು ಯಾರೂ ನೋಡಲಿಲ್ಲ. ಆಮೇಲೆ ಒಂದು ಮುಂಜಾನೆ ಬಸ್ಸಿನಲ್ಲಿ, ಹಿಂದಿನ ಸೀಟಿನ ಕಾಲೇಜು ಹುಡುಗಿಯ ಫೋನಿನಿಂದ ಆ ತೆಳ್ಳನೆಯ ಕಿರುಚಾಟ ಕೇಳಿ ನಾನು ತಿರುಗಿ ನೋಡಿದೆ. ಯಾರೋ ಆ ದೃಶ್ಯವನ್ನಷ್ಟೇ ಕತ್ತರಿಸಿದ್ದರು. ಪರೀಕ್ಷೆಯ ಫಲಿತಾಂಶಕ್ಕೆ ಅದು, ಕರೆಂಟು ಹೋದರೆ ಅದು, ವಿಕೆಟ್ಟು ಬಿದ್ದರೆ ಅದು. ಧ್ವನಿ ನಿಂತ ಮೇಲೂ ತೆರೆದಿರುವ ಬಾಯಿಗೆ ಒಬ್ಬರು ಬಸ್ಸಿನ ಹಾರನ್ನು ಜೋಡಿಸಿದ್ದರು, ಮತ್ತೊಬ್ಬರು ಎಮ್ಮೆಯ ಕೂಗನ್ನು. ರಾಕ್ಷಸನ ಕೊಂಬಿಗೊಂದು ಅಭಿಮಾನಿ ಬಳಗ. ದೃಶ್ಯದ ಅಂಚಿನಲ್ಲಿ ಕ್ಷಣಮಾತ್ರ ಇಣುಕುವ, ಬಕೆಟ್ಟು ಹಿಡಿದ ಒಂದು ಕೈಯನ್ನೂ ಬಿಡದೆ ಅದಕ್ಕೆ 'ಬಕೆಟ್ ಅಂಕಲ್' ಎಂದು ಹೆಸರಿಟ್ಟು ಸ್ಟಿಕರ್ ಮಾಡಿದ್ದರು. ನಮ್ಮ ಮಹಿಳಾ ಸಂಘದ ಗುಂಪಿನಲ್ಲೇ ಯಾರೋ ಅದನ್ನು ಶುಭೋದಯಕ್ಕೆ ಕಳಿಸಿದ್ದರು. ಅವರೆಲ್ಲರೂ ಹೇಳುತ್ತಿದ್ದದ್ದು ಒಂದೇ: ಇದು ನಮಗೆ ತುಂಬ ಇಷ್ಟ, ಇಷ್ಟು ಕೆಟ್ಟದಾಗಿರುವುದರಿಂದಲೇ ಇಷ್ಟ. ನಾನು ರೊಚ್ಚಿಗೆದ್ದು ಲೇಖನ ಬರೆದೆ. ಕೆಟ್ಟದ್ದೆಂದು ಗೊತ್ತಿದ್ದೇ ಮೆಚ್ಚುವ ಈ ಮೆಚ್ಚುಗೆ ಮೇಲಿನಿಂದ ಕೆಳಗೆ ನೋಡುವವರ ಮೆಚ್ಚುಗೆ, ಬಡವರ ಶ್ರಮವನ್ನು ಹಾಸ್ಯವಾಗಿ ತಿನ್ನುವ ಹಸಿವು, ಮಗುವಿನ ಅಕ್ಕರೆಯೊಂದೇ ಕಲೆಯನ್ನು ನ್ಯಾಯವಾಗಿ ನೋಡಬಲ್ಲದು ಎಂದೆಲ್ಲ ಬರೆದೆ. ಮೂಲವನ್ನು ಅಳಿಸಿಯೂ ಹಾಕಿದೆ. ನನ್ನದು ಮಾತ್ರ ಅಳಿಯಿತು. ಇತ್ತ ಪಕ್ಕದ ಹೋಳೂರಿನ ಡೈರಿಯ ಸಾಲಿನಲ್ಲಿ, ಸುಗಟೂರಿನ ಅಂಗಡಿಯ ಮುಂದೆ, ಆ ಕೂಗು ದಿನಕ್ಕೊಂದು ಹೆಜ್ಜೆ ನಮ್ಮ ಮನೆಯ ಹತ್ತಿರಕ್ಕೆ ಬರುತ್ತಿತ್ತು.

ಲೇಖನ ಓದಿದ ಮಾಲೂರಿನ ನಿವೇದಿತಾ ಎಂಬ ಯುವತಿ ನನ್ನ ಸಂಖ್ಯೆ ಹುಡುಕಿ ಕರೆಮಾಡಿದಳು. ಅವಳ ಬಳಗದವರು ಕೋಲಾರದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆ ಚಿತ್ರವನ್ನು ಪೂರ್ತಿಯಾಗಿ ತೋರಿಸಲಿದ್ದಾರೆ. ಪ್ರೇಕ್ಷಕರೆಲ್ಲ ಒಟ್ಟಿಗೆ ಕಿರುಚುವ ಕಾರ್ಯಕ್ರಮ. ಅತ್ತೆ, ಅವಳ ಮಾತಿನಲ್ಲಿ ಅಜ್ಜಿಯವರು, ಅತಿಥಿಯಾಗಿ ಬರಬೇಕು. ನಾನು ಬಾಯಿಗೆ ಬಂದಂತೆ ಬೈದೆ. ಅವಳು ತಾಳ್ಮೆಯಿಂದ ಕೇಳಿಸಿಕೊಂಡು, ಒಂದು ವಿಷಯ ನೇರವಾಗಿಯೇ ಕೇಳಬೇಕಿದೆ, ಬರುತ್ತೇನೆ ಎಂದಳು. ಅವಳಿಗಿಂತ ಮೊದಲು ನಾನೇ ಅತ್ತೆಗೆ ಹೇಳಬೇಕೆಂದು ಅದೇ ದಿನ ಸುಗಟೂರಿಗೆ ಹೋದೆ. ಸೀನ ತೋಟಕ್ಕೆ ಹೋಗಿದ್ದ. ಅತ್ತೆ ಜಗಲಿಯಲ್ಲಿ ಕೂತು ಹಣ್ಣು ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡುತ್ತಿದ್ದಳು. ಹಣ್ಣು ಹುಳು ಮೇವು ಬಿಟ್ಟು, ಮೈ ಹೊಳಪಾಗಿ, ತಲೆಯೆತ್ತಿ ನೂಲು ಬಿಡಲು ಜಾಗ ಹುಡುಕುತ್ತಿರುತ್ತದೆ. ತಡಮಾಡಿದರೆ ನೂಲು ನೆಲದ ಪಾಲು. ನಾನು ವಿಷಯ ಎತ್ತಿದಾಗಲೂ ಅವಳ ಬೆರಳುಗಳು ನಿಲ್ಲಲಿಲ್ಲ.

"ಗೊತ್ತು ಕಣೇ ಮಂಜಿ. ಡೈರೀಲಿ ಹುಡುಗ್ರು ನನ್ ಕಂಡ್ರೆ ಬಾಯಿ ಕಳೀತಾವೆ. ನಿನ್ ಕೆಲ್ಸಾನೇ ಅಂತಾನೂ ಸೀನ ಹೇಳ್ದ."

"ತಪ್ಪಾಯ್ತು ಅತ್ತೆ. ಪ್ರೀತಿಯಿಂದ ಹಾಕ್ದೆ."

"ಅದೂ ಗೊತ್ತು."

ಅವಳು ಬೈಯಲಿಲ್ಲ. ಬೈದಿದ್ದರೆ ಅಂಗಳದ ಗೇಟು ತೆರೆದ ಸದ್ದಿಗೆ ನಾನು ಹಾಗೆ ಬೆಚ್ಚುತ್ತಿರಲಿಲ್ಲ. ನಿವೇದಿತಾ ಬಂದಿದ್ದಳು. ನಾನು ಕಲ್ಪಿಸಿಕೊಂಡಿದ್ದ ಅಹಂಕಾರಿಯಲ್ಲ, ಬೆವರಿದ ಮುಖದ, ಚಪ್ಪಲಿಯನ್ನು ದೂರದಲ್ಲೇ ಬಿಟ್ಟು ಬಂದ ಹುಡುಗಿ. ಅತ್ತೆಯ ಮುಂದೆ ನೆಲದ ಮೇಲೆಯೇ ಕೂತಳು.

"ಅಜ್ಜಿ, ನಾವು ಈ ದೃಶ್ಯಾನ ನಿಲ್ಸಿ ನಿಲ್ಸಿ ನೋಡ್ತೀವಿ. ತಪ್ಪು ಹುಡುಕೋದೇ ನಮ್ ಆಟ. ನಗೋಕೇ ನೋಡಿದ್ದು, ಸುಳ್ಳು ಹೇಳಲ್ಲ. ಆದ್ರೆ ಒಂದ್ ಕಡೆ ನಗೋಕಾಗ್ತಿಲ್ಲ."

ಫೋನನ್ನು ಅತ್ತೆಯ ಕಡೆ ಹಿಡಿದಳು. ಚಿತ್ರ ನಿಂತಿತ್ತು. ಕಿಟಕಿಯ ಸರಳುಗಳು, ತೆರೆದ ಬಾಯಿ, ಬಲಭುಜದ ಹಿಂದೆ ಸೀರೆಗೆ ಹತ್ತಿದ ಉರಿ. ಎಡದಂಚಿನಲ್ಲಿ ಒಂದು ಕೈ, ಆ ಕೈಯಲ್ಲಿ ಕಬ್ಬಿಣದ ಬಕೆಟ್ಟು.

"ಈ ಬೆಂಕಿ ನಿಜವಾದದ್ದಾ ಅಜ್ಜಿ? ಆವತ್ತು ಏನಾಯ್ತು?"

ನಾನು ಆ ದೃಶ್ಯವನ್ನು ಎಷ್ಟು ಸಲ ನೋಡಿದ್ದೆನೋ ಲೆಕ್ಕವಿಲ್ಲ. ಅದನ್ನು ಪ್ರೀತಿಸಿದ್ದೆ, ಕಂಠಪಾಠ ಮಾಡಿದ್ದೆ, ಅದರ ಪರವಾಗಿ ಲೇಖನ ಬರೆದಿದ್ದೆ. ನಿಲ್ಲಿಸಿ ನೋಡಿರಲಿಲ್ಲ. ಆವತ್ತು ಏನಾಯಿತೆಂದು ಅತ್ತೆಯನ್ನು ಇಡೀ ಆಯುಷ್ಯದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಗೇಲಿ ಮಾಡಲು ಬಂದವರು ಕೇಳಿದರು.

ಅತ್ತೆ ಕೈಯಲ್ಲಿದ್ದ ಹುಳುವನ್ನು ಚಂದ್ರಿಕೆಯ ಸಂದಿಗೆ ಬಿಟ್ಟು, ಬೇರೆ ಯಾರದೋ ವಿಷಯವೆಂಬಂತೆ ಹೇಳಿದಳು.

"ಬೆಂಕಿ ಆಮೇಲೆ ಬೇರೆ ತೆಗೀತೀವಿ, ನೀನು ಕಿಟಕೀಲಿ ಇಣುಕಿ ಕಿರುಚಮ್ಮ ಸಾಕು ಅಂದ್ರು. ಕಿರುಚ್ದೆ. ಸಾಲಲ್ಲ ಅಂದ್ರು. ಇನ್ನೊಂದ್ ಸಲ. ಅದೂ ಸಾಲ್ದು. ಆಮೇಲೆ ಎಲ್ರೂ ದೂರ ಹೋಗಿ ಏನೋ ಮಾತಾಡ್ಕೊಂಡ್ರು. ಮತ್ತೆ ಶುರು ಅಂದ್ರು. ನಾನಿನ್ನೂ ಬಾಯಿ ತೆಗ್ದಿಲ್ಲ, ಬೆನ್ನಿಗೆ ಬಿಸಿ ತಾಕ್ತು. ಬಾಗ್ಲು ತಳ್ದೆ, ಹೊರ್ಗಡೆಯಿಂದ ಹಿಡ್ಕೊಂಡಿದ್ರು."

"ಹೇಳ್ದೇನೇ ಬೆಂಕಿ ಇಟ್ರಾ?"

"ಹೇಳಿದ್ರೆ ಅಷ್ಟು ಚೆನ್ನಾಗಿ ಬರ್ತಿತ್ತಾ ಕೂಸೆ?"

ನಿವೇದಿತಾ ಪರದೆಯ ಎಡದಂಚಿಗೆ ಬೆರಳಿಟ್ಟಳು. ಅಲ್ಲಿಗೆ ಬಿಡದೆ ಕೇಳಿದಳು. ಆ ಧೈರ್ಯಕ್ಕೆ ನಾನು ಇಂದಿಗೂ ಋಣಿ.

"ಈ ಬಕೆಟ್ ಹಿಡ್ಕೊಂಡಿರೋರು ಯಾರು?"

"ನಮ್ಮಣ್ಣ. ಇವಳಪ್ಪ."

ಆಗ ನಾನಾಡಿದ ಮೊದಲ ಮಾತನ್ನು ಇಲ್ಲಿ ಬರೆಯದಿದ್ದರೆ ಈ ಅಧ್ಯಾಯ ಸುಳ್ಳಾಗುತ್ತದೆ.

"ಅಪ್ಪಂಗೆ ಮೊದ್ಲೇ ಗೊತ್ತಿರ್ಲಿಲ್ಲವೇನೋ ಅತ್ತೆ. ಬೆಂಕಿ ನೋಡಿ ಆರ್ಸೋಕೆ ಓಡಿ ಬಂದಿರ್ಬೇಕು."

ಅತ್ತೆ ನನ್ನನ್ನು ನೋಡಿದಳು. ನಾನು ಎದುರು ಕೂತು ಇತರರಿಗೆ ಎಷ್ಟೋ ಸಲ ಕಲಿಸಿದ ಪಾಠವನ್ನು ಅವಳು ನನಗೆ ಕಲಿಸಲಿಲ್ಲ.

"ಬಂಡೆ ಮೇಲೆ ನೀರೆಲ್ಲೈತೆ ಮಂಜಿ? ಕೆಳಗಿನ ಬಾವಿಯಿಂದ ಮೊದ್ಲೇ ಸೇದಿ ತಂದಿಟ್ಕೊಂಡಿದ್ದ. ಅವ್ರು ಅವನ್ನ ಕೇಳವ್ರೆ, ಇವ್ನು ಹೂಂ ಅಂದವ್ನೆ. ವಾಪಸ್ ಬರೋ ದಾರೀಲಿ ಅವ್ನೇ ಅತ್ಕೊಂಡು ಹೇಳ್ದ. ಏನೂ ಆಗಲ್ಲ ಅಂದ್ಕೊಂಡೆ ಸರೋಜಾ, ನೀರು ಇತ್ತಲ್ಲ ಅಂದ. ಅಗ್ಗಿಷ್ಟಿಕೆ ಅಂತ ಹೇಳೋಣ ಅಂದಿದ್ದು ಅಮ್ಮ, ನಿಮ್ಮಜ್ಜಿ."

ನನ್ನೊಳಗೆ ಅಭ್ಯಾಸಬಲದಿಂದ ಹೋರಾಟಗಾರ್ತಿ ಎದ್ದಳು. ಪತ್ರಿಕಾ ಹೇಳಿಕೆ, ದೂರು, ಸಂಘಗಳ ಸಭೆ, ಅತ್ತೆ ವೇದಿಕೆಯ ಮೇಲೆ ನಿಂತು ಎಲ್ಲವನ್ನೂ ಹೇಳುವುದು. ನಾನು ಗಟ್ಟಿಯಾಗಿ ಯೋಜಿಸತೊಡಗಿದೆ. ಅವಳು ತಡೆದಳು.

"ಮೊದ್ಲು ಅವ್ರು ಕಿರುಚಿಸಿದ್ರು. ಆಮೇಲೆ ನೀವು ಕಿರುಚಿಸಿದ್ರಿ. ಈಗ ಫೋನಿನೋರು. ಇನ್ನು ನಿನ್ ಮೀಟಿಂಗಲ್ಲೂ ಕಿರುಚ್ಬೇಕಾ ನಾನು? ನಾ ಬರಲ್ಲ. ನೀನ್ ಹೋಗು. ಮೈಕಲ್ಲಿ ಮಾತಾಡೋಳು ನೀನಲ್ವಾ. ಸಿನಿಮಾ ಶುರುವಾಗಕ್ಕೆ ಮುಂಚೆ ನಿಂತ್ಕೊಂಡು, ಬಕೆಟ್ ಹಿಡಿದಿದ್ದೋನು ಯಾರು ಅಂತ ಹೆಸರು ಹೇಳು. ನಿನ್ ಬಾಯಲ್ಲಿ. ಅಷ್ಟ್ ಮಾಡು ಸಾಕು."

ಆ ಭಾನುವಾರ ಕೋಲಾರದ ಸಭಾಂಗಣ ಕಿಕ್ಕಿರಿದಿತ್ತು. ಹಲವರು ಕಾಗದದ ಕೊಂಬು ಕಟ್ಟಿಕೊಂಡು ಬಂದಿದ್ದರು. ಒಬ್ಬನ ಅಂಗಿಯ ಎದೆಯ ಮೇಲೆ ಬಕೆಟ್ಟು ಹಿಡಿದ ಆ ಕೈ ಅಚ್ಚಾಗಿತ್ತು. ನಿವೇದಿತಾ ನನ್ನ ಕೈಗೆ ಮೈಕು ಕೊಟ್ಟಳು. ನಾನು ಚೆನ್ನಾಗಿಯೇ ಮಾತನಾಡಿದೆ. ಗುಡಿಸಲು, ಹಿಡಿದ ಬಾಗಿಲು, ಹೇಳದೆ ಇಟ್ಟ ಬೆಂಕಿ, ಮುರಿದುಬಿದ್ದ ಮದುವೆ ಮಾತುಗಳು, ಮಕ್ಕಳಾದ ನಾವು ಅವಳಿಂದ ಮತ್ತೆ ಮಾಡಿಸಿದ್ದು, ಎಲ್ಲವನ್ನೂ ಹೇಳಿದೆ. ಒಬ್ಬೊಬ್ಬರಾಗಿ ಕೊಂಬುಗಳನ್ನು ಬಿಚ್ಚಿ ಮಡಿಲಲ್ಲಿಟ್ಟುಕೊಂಡರು. ಆ ಹುಡುಗ ತನ್ನ ಎದೆಯನ್ನು ಎರಡೂ ಕೈಗಳಿಂದ ಮುಚ್ಚಿಕೊಂಡ. ಎತ್ತಿ ಹಿಡಿದ ಫೋನುಗಳು ನನ್ನತ್ತಲೇ ಇದ್ದವು. ಬಕೆಟ್ಟಿನ ಮಾತು ಬಂದಾಗ ನಾನು ಹೇಳಿದ್ದು ಇಷ್ಟು: 'ಆ ಕೈ, ಆಕೆಯನ್ನು ಕಾಪಾಡಬೇಕಾಗಿದ್ದ, ಆಕೆಯ ಮನೆಯ ಹಿರಿಯರೊಬ್ಬರದು.' ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಚಿತ್ರ ಶುರುವಾಯಿತು. ಆ ದೃಶ್ಯದಲ್ಲಿ ಯಾರೂ ಕಿರುಚಲಿಲ್ಲ. ಎಲ್ಲೋ ಹಿಂದೆ ಒಬ್ಬರು, ತಡವಾಗಿ ಬಂದವರಿರಬೇಕು, ನಕ್ಕರು.

ಮಧ್ಯಾಹ್ನ ಸುಗಟೂರಿಗೆ ಹೋದೆ. ಅತ್ತೆ ಮುದ್ದೆ ಬಡಿಸಿ, ಸಾರು ಹಾಕಿ, ಎದುರಿಗೆ ಕೂತಳು.

"ಹೇಳಿದ್ಯಾ?"

"ಹೇಳ್ದೆ ಅತ್ತೆ. ಎಲ್ಲಾ ಹೇಳ್ದೆ."

"ಹೆಸರು?"

ನಾನು ಮುದ್ದೆಯನ್ನು ಮುರಿಯುತ್ತಿದ್ದೆ. ಅತ್ತೆ ನನ್ನ ಬೆರಳುಗಳನ್ನೇ ನೋಡಿದಳು. ಆಮೇಲೆ, ಯಾವ ಕಹಿಯೂ ಇಲ್ಲದೆ, "ಆಗ್ಲಿಲ್ಲ ಅಲ್ವಾ," ಎಂದು, ಇನ್ನೊಂದು ಸೌಟು ಸಾರು ಹಾಕಿ ಒಳಗೆ ಹೋದಳು.

ಅದಾದ ಮೇಲೆ ಬರೆಯಲು ಕೂತಿದ್ದೇನೆ. ಈ ಪುಟಗಳಲ್ಲಿ ಅವರನ್ನು ಅಪ್ಪನೆಂದೇ ಕರೆಯುತ್ತ ಬಂದೆನೆಂಬುದನ್ನು ಓದಿದವರು ಗಮನಿಸಿರಬಹುದು. ಅವರು ನನ್ನನ್ನು ಓದಿಸಿದರು, ನನ್ನ ಬಾಯಿಗೆ ಮಾತು ಕೊಟ್ಟರು, ಅವರ ನೆನಪಿಗೆ ಈಗಲೂ ಕಣ್ಣು ತುಂಬುತ್ತದೆ. ಅದೂ ನಿಜ. ಅತ್ತೆ ಕೇಳಿದ್ದು ಬೇರೆ. ತಂಗಿಯಿದ್ದ ಗುಡಿಸಲಿಗೆ ಬೆಂಕಿಯಿಡಲು ಒಪ್ಪಿ, ಬಕೆಟ್ಟಿನಲ್ಲಿ ನೀರು ತುಂಬಿಕೊಂಡು ಕಾದು ನಿಂತವನ ಹೆಸರು ಚನ್ನರಾಯಪ್ಪ.